ಅಪ್ಪ ಬಂದ್ರಾ, ಬಂದ್ನಾ? ‘ಅಂಬ್ರೆಲಾ ಅಕಾಡೆಮಿ’ಯ ಎರಡನೇ ಸೀಸನ್ನನ್ನು ಕನ್ನಡಕ್ಕೆ ತರುವವರಿಗೊಂದು ಬಹಿರಂಗ ಪತ್ರ

ಒಟಿಟಿ ಕಂಪನಿಗಳ ಭಾಷಾ ವಿಭಾಗದವರಿಗೆ ಮತ್ತು ಡಬ್ಬಿಂಗ್ ಸ್ಟುಡಿಯೋಗಳ ಮಾಲೀಕರಿಗೆ,

ಮಾನ್ಯರೇ,

ಸೂಪರ್‌ಹೀರೋ ಸರಣಿಯ ಡಬ್ಬಿಂಗ್ ಅಂದ ಕೂಡಲೇ ನೀವು ಕೇಳುವುದು ಸದ್ದಿನ ಲೆಕ್ಕ: ಹೊಡೆದಾಟ ಎಷ್ಟು, ಕಿರುಚಾಟಕ್ಕೆ ಎಷ್ಟು ಜನ ಬೇಕು, ಎಷ್ಟು ದಿನಕ್ಕೆ ಮುಗಿಯುತ್ತೆ. ಆ ಭಾಗ ಸುಲಭ. ಬಾಂಬಿಗೆ ಭಾಷೆ ಇಲ್ಲ. ಸಂಗೀತ, ಸದ್ದುಗಳ ಟ್ರ್ಯಾಕ್ ಹೇಗೂ ಬೇರೆಯಾಗಿಯೇ ಬರುತ್ತದೆ. ಕೈಕೊಡುವುದು ಊಟದ ಮೇಜಿನ ದೃಶ್ಯ. ಅಲ್ಲಿ ಕೂತವರು ಒಬ್ಬರನ್ನೊಬ್ಬರು ಏನಂತ ಕರೆಯಬೇಕು?

‘ದಿ ಅಂಬ್ರೆಲಾ ಅಕಾಡೆಮಿ’ಯನ್ನೇ ತೆಗೆದುಕೊಂಡು ಹೇಳುತ್ತೇವೆ, ಅದರಲ್ಲೂ ಎರಡನೇ ಸೀಸನ್ನನ್ನು. ನೆಟ್‌ಫ್ಲಿಕ್ಸ್‌ನಲ್ಲಿ ಅದು ಬಂದದ್ದು 2020ರ ಜುಲೈ 31ರಂದು, ಹತ್ತು ಕಂತು. ಇಡೀ ಸರಣಿ ನಾಲ್ಕನೇ ಸೀಸನ್ನಿನೊಂದಿಗೆ 2024ರ ಆಗಸ್ಟ್‌ನಲ್ಲಿ ಮುಗಿದಿದೆ. ಮುಗಿದ ಸರಣಿಯ ಬಗ್ಗೆ ಈಗೇಕೆ ಪತ್ರ ಅಂದರೆ, ಮುಗಿದಿರುವುದೇ ಕಾರಣ. ನಡೆಯುತ್ತಿರುವ ಕಥೆಯಾದರೆ ಮುಂದೇನಾಗುತ್ತದೆಂದು ಅನುವಾದಕರಿಗೆ ಗೊತ್ತಿರುವುದಿಲ್ಲ, ತಪ್ಪಿದರೆ ಕ್ಷಮಿಸಬಹುದು. ಇದಕ್ಕೆ ಆ ನೆಪವಿಲ್ಲ. ನಾವು ಕೇಳುತ್ತಿರುವುದು ಒಂದೇ: ಮೊದಲ ಸಾಲು ಅನುವಾದವಾಗುವ ಮುಂಚೆ ಈ ಕುಟುಂಬದ ಸಂಬೋಧನೆಯ ಪಟ್ಟಿ ಮಾಡಿಸಿ. ಯಾರು ಯಾರಿಗೆ ನೀನು, ಯಾರು ಯಾರಿಗೆ ನೀವು, ಎದುರಿಗೆ ಏನು, ಬೆನ್ನ ಹಿಂದೆ ಏನು, ಯಾವ ಕಂತಿನಲ್ಲಿ ಬದಲಾಗುತ್ತದೆ. ಅದನ್ನು ಮಾಡುವವರಿಗೆ ಆ ದಿನಗಳ ದುಡ್ಡನ್ನೂ ಕೊಡಿ.

ಮನೆಯ ಸ್ಥಿತಿ ಹೀಗಿದೆ. 1989ರ ಅಕ್ಟೋಬರ್ 1ರ ಮಧ್ಯಾಹ್ನ ಹನ್ನೆರಡಕ್ಕೆ, ಬೆಳಗ್ಗೆ ಎದ್ದಾಗ ಬಸುರಿಯೇ ಆಗಿರದ 43 ಹೆಂಗಸರು ಪ್ರಪಂಚದ ಬೇರೆ ಬೇರೆ ಕಡೆ ಹೆರುತ್ತಾರೆ. ಅದರಲ್ಲಿ ಏಳು ಮಕ್ಕಳನ್ನು ರೆಜಿನಾಲ್ಡ್ ಹಾರ್ಗ್ರೀವ್ಸ್ ಎಂಬ ಸಿರಿವಂತ ತಂದು ಸಾಕುತ್ತಾನೆ. ಹೆಸರಿನ ಬದಲು ಒಂದರಿಂದ ಏಳರವರೆಗೆ ನಂಬರ್ ಕೊಡುತ್ತಾನೆ. ಲೂಥರ್, ಡಿಯೇಗೊ, ಆಲಿಸನ್, ಕ್ಲೌಸ್, ಬೆನ್, ವಾನ್ಯಾ ಅನ್ನುವ ಹೆಸರುಗಳು ಆಮೇಲೆ ಬಂದವು; ಐದನೆಯವನು ಮಾತ್ರ ಫೈವ್ ಆಗಿಯೇ ಉಳಿದ. ಇಂಗ್ಲಿಷಿನಲ್ಲಿ ಇವರೆಲ್ಲ ಬ್ರದರ್, ಸಿಸ್ಟರ್. ಅಲ್ಲಿಗೆ ಮಾತು ಮುಗಿಯಿತು. ಕನ್ನಡದಲ್ಲಿ ಬರೀ ‘ಬ್ರದರ್’ ಅನ್ನುವ ನೆಂಟಸ್ತಿಕೆಯೇ ಇಲ್ಲ. ಅಣ್ಣನೋ ತಮ್ಮನೋ, ಅಕ್ಕನೋ ತಂಗಿಯೋ ಹೇಳಲೇಬೇಕು. ಒಂದೇ ಗಳಿಗೆಯಲ್ಲಿ ಹುಟ್ಟಿದವರಲ್ಲಿ ಅಣ್ಣ ಯಾರು?

ಅವಸರದಲ್ಲಿ ಆಗುವುದು ಏನೆಂದರೆ ಗಾತ್ರ ನೋಡಿ ವರಸೆ ಕಟ್ಟುವುದು. ಲೂಥರ್ ದೈತ್ಯ, ಹಾಗಾಗಿ ಅವನು ಅಣ್ಣ. ವಾನ್ಯಾ ಸಣ್ಣಗಿದ್ದಾಳೆ, ಮೆತ್ತಗೆ ಮಾತಾಡುತ್ತಾಳೆ, ಹಾಗಾಗಿ ತಂಗಿ. ಫೈವ್ ಚಡ್ಡಿ ಹಾಕಿದ ಹುಡುಗ, ಅವನು ಪುಟ್ಟ ತಮ್ಮ. ಮೂರೂ ತಪ್ಪು. ಫೈವ್‌ನ ಮೈ ಹದಿಮೂರರದ್ದು, ಕಾಲದಲ್ಲಿ ಮುಂದಕ್ಕೆ ಹಾರಿ, ಅಲ್ಲೇ ಸಿಕ್ಕಿಬಿದ್ದು ಮರಳಿದ ಒಳಗಿನ ಆಸಾಮಿಗೆ 58 ವರ್ಷ. ಎರಡನೇ ಸೀಸನ್ ಈ ಲೆಕ್ಕವನ್ನು ಇನ್ನಷ್ಟು ಕೆದರುತ್ತದೆ. 2019ರ ಪ್ರಳಯದಿಂದ ತಪ್ಪಿಸಿಕೊಳ್ಳಲು ಕಾಲದಲ್ಲಿ ಹಿಂದಕ್ಕೆ ಹಾರಿದವರು ಟೆಕ್ಸಸ್‌ನ ಡಲ್ಲಾಸ್ ನಗರದ ಒಂದೇ ಓಣಿಯಲ್ಲಿ ಬೀಳುತ್ತಾರೆ, ಆದರೆ ಬೇರೆ ಬೇರೆ ವರ್ಷ. ಕ್ಲೌಸ್, ಅವನ ಜೊತೆಗೆ ಬೆನ್‌ನ ದೆವ್ವ, 1960ರಲ್ಲಿ. ಆಲಿಸನ್ 1961ರಲ್ಲಿ. ಲೂಥರ್ 1962ರಲ್ಲಿ. ಡಿಯೇಗೊ 1963ರ ಸೆಪ್ಟೆಂಬರ್‌ನಲ್ಲಿ, ವಾನ್ಯಾ ಅಕ್ಟೋಬರ್‌ನಲ್ಲಿ. ಕೊನೆಗೆ ಫೈವ್, ನವೆಂಬರ್ 25ರಂದು, ಅದೂ ಸೋವಿಯತ್ ಸೇನೆ ಊರೊಳಗೆ ನುಗ್ಗಿರುವಾಗ. ಅಲ್ಲಿಂದ ಹತ್ತು ದಿನ ಹಿಂದಕ್ಕೆ, 15ನೇ ತಾರೀಕಿಗೆ. ಮತ್ತೆ ಒಟ್ಟಾಗುವ ಹೊತ್ತಿಗೆ ಕ್ಲೌಸ್ ಡಿಯೇಗೊ, ವಾನ್ಯಾ, ಫೈವ್ ಇವರಿಗಿಂತ ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಬದುಕಿರುತ್ತಾನೆ. ಈಗ ಹೇಳಿ, ಅಣ್ಣ ಯಾರು?

ನಮ್ಮ ತೀರ್ಮಾನ ಸರಳ. ಏಳೂ ಜನರ ನಡುವೆ ಹೆಸರು ಮತ್ತು ನೀನು, ಅಷ್ಟೇ. ಹೊರಗಿನವರಿಗೆ ಪರಿಚಯಿಸುವಾಗ, ಉದಾಹರಣೆಗೆ ಆಲಿಸನ್ ತನ್ನ ಗಂಡ ರೇಮಂಡ್‌ಗೆ ಲೂಥರ್ ಯಾರೆಂದು ಹೇಳುವಾಗ, ‘ನಮ್ಮ ಲೂಥರ್, ಒಟ್ಟಿಗೇ ಬೆಳೆದವ್ರು ನಾವು’ ಅಂದರೆ ಸಾಕು. ಕನ್ನಡದಲ್ಲಿ ಹೆಸರಿನ ಹಿಂದಿನ ‘ನಮ್ಮ’ ಅರ್ಧ ನೆಂಟಸ್ತಿಕೆಯನ್ನು ತಾನೇ ಹೊರುತ್ತದೆ. ‘ಒಡಹುಟ್ಟಿದವನು’ ಅನ್ನುವ ಪದವೂ ಇದೆ; ಒಂದೇ ಹೊಟ್ಟೆಯಲ್ಲಿ ಅಲ್ಲದಿದ್ದರೂ ಒಂದೇ ಗಳಿಗೆಯಲ್ಲಿ ಹುಟ್ಟಿದ ಇವರಿಗೆ ಅಕ್ಷರಶಃ ಒಪ್ಪುತ್ತದೆ. ಆದರೆ ಆಡುಮಾತಿನಲ್ಲಿ ಭಾರ, ಇಡೀ ಸೀಸನ್ನಿಗೆ ಒಂದೆರಡು ಸಲ ಸಾಕು. ‘ನಮ್ಮ ಮನೆಯವರು’ ಅಂತ ಮಾತ್ರ ಬರೆಯಬೇಡಿ. ಆಲಿಸನ್ ಬಾಯಲ್ಲಿ ಆ ಮಾತು ಬಂದರೆ ಗಂಡ ಬದಲಾಗಿಬಿಡುತ್ತಾನೆ.

ಪಟ್ಟಿ ಎಷ್ಟು ದೊಡ್ಡದು? ಏಳು ಜನ ಉಳಿದ ಆರಾರು ಜನರನ್ನು ಕರೆಯುವುದಕ್ಕೆ ಪಟ್ಟಿಯಲ್ಲಿ 42 ಮನೆ (ಚೌಕ). ಅಪ್ಪ, ಅಮ್ಮ ಗ್ರೇಸ್, ಚಿಂಪಾಂಜಿ ಪೋಗೊ ಸೇರಿದರೆ ಹತ್ತು ಜನ, 90 ಮನೆ. ಅದರ ಮೇಲೆ ಈ ಸೀಸನ್ನಿನ ಉಳಿದ ಪಾತ್ರಗಳು: ಲೈಲಾ, ಅವಳ ಸಾಕುತಾಯಿ ಹ್ಯಾಂಡ್ಲರ್, ರೇಮಂಡ್, ಸಿಸ್ಸಿ, ಅವಳ ಗಂಡ ಕಾರ್ಲ್, ಮಗ ಹಾರ್ಲನ್, ಓಣಿ ಪಕ್ಕದ ಟೀವಿ ಅಂಗಡಿಯ ಎಲಿಯಟ್. ಎಲ್ಲ ಮನೆಯೂ ತುಂಬಬೇಕಿಲ್ಲ, ಭೇಟಿಯೇ ಆಗದವರಿದ್ದಾರೆ. ಒಬ್ಬರು ಹತ್ತೂ ಕಂತು ನೋಡುತ್ತ ಕೂತರೆ ಮೂರ್ನಾಲ್ಕು ದಿನದ ಕೆಲಸ. ಈ ಪಟ್ಟಿಯಿಲ್ಲದೆ ಹತ್ತು ಕಂತನ್ನು ಮೂವರು ಅನುವಾದಕರಿಗೆ ಹಂಚಿದರೆ, ಮೂರನೇ ಕಂತಿನಲ್ಲಿ ‘ಬಾರೋ’ ಅಂದವಳು ಆರನೇ ಕಂತಿನಲ್ಲಿ ‘ಬನ್ನಿ’ ಅನ್ನುತ್ತಾಳೆ. ಅದು ಗೊತ್ತಾಗುವುದು ಮಿಕ್ಸಿಂಗ್ ಮುಗಿದ ಮೇಲೆ, ಆಗ ಕಲಾವಿದರನ್ನು ಕರೆಕ್ಷನ್‌ಗೆ ಮತ್ತೆ ಕರೆಸಬೇಕು.

ಇನ್ನು ಅಪ್ಪ. ಈ ಪತ್ರದ ತಲೆಬರಹ ಅದಕ್ಕಾಗಿಯೇ. ‘ಡ್ಯಾಡ್ ಸೆಡ್’ ಅಂತ ಏಳು ಮಕ್ಕಳು ಹೇಳಿದರೂ ಇಂಗ್ಲಿಷಿನಲ್ಲಿ ಕ್ರಿಯಾಪದ ಒಂದೇ. ಕನ್ನಡದಲ್ಲಿ ‘ಅಪ್ಪ ಹೇಳಿದ್ರು’ ಬೇರೆ, ‘ಅಪ್ಪ ಹೇಳ್ದ’ ಬೇರೆ, ‘ಆ ಮುದುಕ ಹೇಳ್ದ’ ಇನ್ನೂ ಬೇರೆ. ಅಪ್ಪನ ಮಾತೇ ವೇದವೆಂದು ಬೆಳೆದು, ಅವನು ಹೇಳಿದನೆಂದು ಚಂದ್ರನ ಮೇಲೆ ನಾಲ್ಕು ವರ್ಷ ಒಬ್ಬನೇ ಕೂತಿದ್ದ ಲೂಥರ್ ‘ಹೇಳಿದ್ರು’ ಅನ್ನಲಿ. ಡಿಯೇಗೊ ‘ಹೇಳ್ದ’ ಅನ್ನಲಿ. ಹಾಗಂತ ಲೂಥರ್ ಕೊನೆತನಕ ಅಲ್ಲೇ ನಿಲ್ಲಬೇಕಿಲ್ಲ. ಡಲ್ಲಾಸ್‌ನಲ್ಲಿ ಅವನು ನೈಟ್ ಕ್ಲಬ್ ಮಾಲೀಕ ಜಾಕ್ ರೂಬಿಯ ಕೈಕೆಳಗೆ ಹೊಡೆದಾಟದ ಆಳು, ಅಪ್ಪನ ಮೇಲಿನ ನಂಬಿಕೆ ಕಳಚಿದೆ. ಯಾವ ಕಂತಿನ ಯಾವ ಸಾಲಿನಲ್ಲಿ ಅವನ ಬಾಯಿಂದ ಮೊದಲ ‘ಹೇಳ್ದ’ ಬೀಳುತ್ತದೆ ಅನ್ನುವುದನ್ನು ಪಟ್ಟಿ ಮಾಡುವವರೇ ಆರಿಸಬೇಕು. ಮೂಲದಲ್ಲಿ ಇಲ್ಲದ ಒಂದು ಪದರವನ್ನು ಕನ್ನಡ ಇಲ್ಲಿ ಪುಕ್ಕಟೆ ಕೊಡುತ್ತಿದೆ, ಬಿಡಬೇಡಿ.

ಆರನೇ ಕಂತು ನೋಡಿ. 1963ರ ರೆಜಿನಾಲ್ಡ್ ಈ ದೊಡ್ಡ ಮಕ್ಕಳನ್ನು ಊಟಕ್ಕೆ ಕರೆಯುತ್ತಾನೆ. ಅವನಿಗೆ ಇನ್ನೂ ಮಕ್ಕಳೇ ಆಗಿಲ್ಲ. ಎದುರಿಗಿರುವವರು ತನ್ನನ್ನು ಅಪ್ಪ ಅನ್ನುವ ಅಪರಿಚಿತರು. ಮೊದಲ ಸೀಸನ್ನಿನಲ್ಲಿ ಅವನು ಮಕ್ಕಳಿಗೆಲ್ಲ ‘ನೀನು’ ಅಂದಿದ್ದಾನೆಂದು ಇಲ್ಲಿಯೂ ಹಾಗೇ ಬರೆದರೆ ದೃಶ್ಯ ಸತ್ತಿತು. ‘ನೀವು’ ಎಂದೇ ಶುರುವಾಗಲಿ, ತಣ್ಣನೆಯ, ಕಚೇರಿಯ ನೀವು. ಡಿಯೇಗೊನನ್ನು ಚುಚ್ಚಿ ಮಾತಾಡುವಲ್ಲಿ ಅದು ‘ನೀನು’ ಆಗಲಿ. ನೋಡುವವರಿಗೆ ಹಳೇ ಅಪ್ಪ ವಾಪಸು ಬಂದದ್ದು ಆ ಒಂದು ಪದದಲ್ಲೇ ಗೊತ್ತಾಗುತ್ತದೆ, ಡಿಯೇಗೊನ ತೊದಲು ಶುರುವಾಗುವುದಕ್ಕೂ ಅರ್ಥ ಬರುತ್ತದೆ.

ವಾನ್ಯಾ ವಿಷಯದಲ್ಲೂ ಇದೇ ಉಪಾಯ ಕೆಲಸಕ್ಕೆ ಬರುತ್ತದೆ. ಸಿಸ್ಸಿಯ ಕಾರು ಬಡಿದು ಅವಳ ನೆನಪು ಹೋಗಿದೆ, ಸಿಸ್ಸಿಯ ಹೊಲದ ಮನೆಯಲ್ಲಿ ಹಾರ್ಲನ್‌ನನ್ನು ನೋಡಿಕೊಂಡಿದ್ದಾಳೆ. ಲೂಥರ್ ಅವಳನ್ನು ಹುಡುಕಿಕೊಂಡು ಬಂದು ‘ನೀನು’ ಅನ್ನುತ್ತಾನೆ, ಅವಳು ‘ನೀವು ಯಾರು’ ಅನ್ನಬೇಕು. ಅದೇ ವಾನ್ಯಾ ಫೈವ್‌ನನ್ನು ಕಂಡಾಗ ‘ನೀನು’ ಅನ್ನಬೇಕು, ಯಾಕೆಂದರೆ ಅವಳ ಕಣ್ಣಿಗೆ ಅವನು ಬರೀ ಒಬ್ಬ ಹುಡುಗ. ಸಿಸ್ಸಿಯ ಜೊತೆಗಿನ ‘ನೀವು’ ಎಲ್ಲಿ ‘ನೀನು’ ಆಗುತ್ತದೆ ಅನ್ನುವುದನ್ನೂ ಮೊದಲೇ ಗುರುತು ಹಾಕಿ, ಅದು ಪ್ರೇಮದ ಕಥೆ. ಸಿಸ್ಸಿ ಬಾಯಲ್ಲಿ ಕಾರ್ಲ್‌ಗೆ ‘ರೀ’ ಅನ್ನಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಟೆಕ್ಸಸ್ ಹೆಂಗಸು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ; ಅವನ ದಬ್ಬಾಳಿಕೆ ದನಿಯಲ್ಲಿ ಬರಲಿ. ಅವಳಿಗೆ ಧಾರವಾಡದ ಕನ್ನಡವೋ ಮಂಡ್ಯದ ಕನ್ನಡವೋ ಹಚ್ಚುವುದೂ ಬೇಡ. ಹಳ್ಳಿಯವಳು ಅಂತ ತೋರಿಸಲು ಒಂದು ಸೀಮೆಯ ಮಾತನ್ನು ಎರವಲು ತಂದರೆ ನಮ್ಮ ಪ್ರೇಕ್ಷಕರು ಹಾಸ್ಯ ಪಾತ್ರ ಬಂತೆಂದು ನಗುತ್ತಾರೆ. ತಪ್ಪು ಅವರದ್ದಲ್ಲ, ಸಿನಿಮಾ ರೂಢಿ ಮಾಡಿದ್ದು.

ಮೂರನೇ ಸೀಸನ್ನಿನಲ್ಲಿ ಈ ಪಾತ್ರ ವಿಕ್ಟರ್ ಆಗುತ್ತದೆ. ನಟ ಎಲಿಯಟ್ ಪೇಜ್ ತಾವು ಟ್ರಾನ್ಸ್ ಎಂದು 2020ರ ಡಿಸೆಂಬರ್‌ನಲ್ಲಿ ಹೇಳಿದ ನಂತರ ಕಥೆಯೂ ಅದನ್ನು ಒಳಗೆ ತಂದುಕೊಂಡಿತು. ಕನ್ನಡದಲ್ಲಿ ‘ನಾನು ಬಂದೆ’ ಅನ್ನುವುದಕ್ಕೆ ಹೆಣ್ಣು ಗಂಡಿನ ಭೇದವಿಲ್ಲ, ಹಾಗಾಗಿ ಆ ಪಾತ್ರ ತನ್ನ ಬಗ್ಗೆ ಆಡುವ ಮಾತು ಎಲ್ಲೂ ಬದಲಾಗುವುದಿಲ್ಲ. ಬದಲಾಗುವುದು ಉಳಿದವರ ‘ಬಂದಳು’, ‘ಕಣೇ’, ‘ಏನೇ’. ಎರಡನೇ ಸೀಸನ್ನಿನಲ್ಲಿ ಮೂರು ಸಾಲಿಗೊಮ್ಮೆ ‘ತಂಗೀ’ ತುರುಕಿದ್ದರೆ, ಮೂರನೆಯದರಲ್ಲಿ ಆ ಜಾಗಕ್ಕೆ ಇಡಲು ಏನೂ ಇರುವುದಿಲ್ಲ. ಹೆಸರು ಹಿಡಿದು ಕರೆದಿದ್ದರೆ ಹೆಸರಷ್ಟೇ ಬದಲಾಗುತ್ತದೆ.

ಈಗ ಬಾಯಿಯ ಮಾತು. ‘ಡ್ಯಾಡ್’ ಅನ್ನುವಾಗ ತುಟಿ ಮುಚ್ಚುವುದಿಲ್ಲ. ‘ಅಪ್ಪ’ ಅನ್ನುವಾಗ ಮುಚ್ಚಲೇಬೇಕು, ಅದೂ ಒತ್ತಿ. ಮುಖ ಪರದೆ ತುಂಬಿರುವಾಗ ‘ಅಪ್ಪ’ ಕೂರಿಸಿದರೆ ಡಬ್ಬಿಂಗ್ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ. ಅದಕ್ಕಾಗಿ ‘ಡ್ಯಾಡಿ’ ಅಂತ ಬರೆಯುವುದು ಸೋಮಾರಿತನ. ವಾಕ್ಯ ತಿರುಗಿಸಿ, ಕ್ಯಾಮೆರಾ ಕೇಳುವವನ ಮೇಲಿರುವಾಗ ‘ಅಪ್ಪ’ ಬೀಳುವಂತೆ ಮಾಡಿ. ‘ಮಾಮ್’ಗೆ ‘ಅಮ್ಮ’ ಹೆಚ್ಚುಕಮ್ಮಿ ಕೂರುತ್ತದೆ, ಆದರೆ ಶುರುವಿನಲ್ಲೂ ಕೊನೆಯಲ್ಲೂ ಬಾಯಿ ತೆರೆದಿರುವುದು ತೊಂದರೆ. ಕನ್ನಡದ ಮಾತು ಸ್ವರದಲ್ಲಿ ಮುಗಿಯುವುದರಿಂದ ಈ ತೊಂದರೆ ಪ್ರತಿ ಕಂತಿನಲ್ಲೂ ನೂರು ಕಡೆ ಬರುತ್ತದೆ. ಕೊನೆಯ ಅಕ್ಷರ ನುಂಗಿ ಆಡುವ ಕಲಾವಿದರನ್ನು ಆರಿಸಿಕೊಳ್ಳಿ.

ಆಲಿಸನ್‌ಳ ಶಕ್ತಿಯ ಮಂತ್ರಕ್ಕೆ ನಾವು ಅತಿ ಹೆಚ್ಚು ಹೊತ್ತು ಕಳೆದಿದ್ದೇವೆ. ‘ಐ ಹರ್ಡ್ ಎ ರೂಮರ್’ ಎಂದು ಶುರು ಮಾಡಿ ಅವಳು ಏನು ಹೇಳುತ್ತಾಳೋ ಕೇಳಿದವರು ಅದನ್ನು ಮಾಡುತ್ತಾರೆ. ಕನ್ನಡದ ಸಹಜ ಕ್ರಮದಲ್ಲಿ ‘ನೀನು ಹೀಗೆ ಮಾಡಿದೆ ಅಂತ ಸುದ್ದಿ’ ಎಂದು ಮಂತ್ರ ಕೊನೆಗೆ ಹೋಗುತ್ತದೆ. ಪರದೆಯಲ್ಲಿ ಆಗಲೇ ಎದುರಿಗಿದ್ದವನ ಕಣ್ಣು ಬೆಳ್ಳಗಾಗಿರುತ್ತದೆ. ಮಂತ್ರ ಮೊದಲೇ ಬರಬೇಕು. ‘ಗಾಳಿಮಾತು ಕೇಳ್ದೆ’ ಅಂದರೆ ‘ಮಾ’ ಬೇಗ ಬಂದುಬಿಡುತ್ತದೆ. ತಿರುಗಿಸಿ ‘ಕೇಳ್ದೆ, ಗಾಳಿಮಾತು…’ ಅಂದು ನೋಡಿ: ಇಂಗ್ಲಿಷಿನಲ್ಲಿ ಐದನೇ ಉಚ್ಚಾರಕ್ಕೆ ತುಟಿ ಮುಚ್ಚುತ್ತದೆ, ಕನ್ನಡದಲ್ಲೂ ಐದನೆಯದಕ್ಕೇ ‘ಮಾ’ ಬೀಳುತ್ತದೆ. ಇನ್ನು ಮಂತ್ರದ ಬಾಲಕ್ಕೆ ಕನ್ನಡದಲ್ಲಿ ಗಾಳಿಮಾತಿಗೆಂದೇ ಒಂದು ಪ್ರತ್ಯಯವಿದೆ, ‘ಅಂತೆ’. ‘ಕೇಳ್ದೆ, ಗಾಳಿಮಾತು… ನೀನು ನಂಗೆ ಕಾಫಿ ಹಾಕ್ಕೊಟ್ಯಂತೆ.’ ಆಗದೇ ಇದ್ದದ್ದನ್ನು ಆಗಿಹೋಯಿತು ಅನ್ನುವ ಹಾಗೆ ಹೇಳುವ ಈ ‘ಅಂತೆ’ಗೆ ಸಮನಾದದ್ದು ಇಂಗ್ಲಿಷಿನಲ್ಲಿ ಇಲ್ಲ. ಆ ಸಾಲನ್ನು ಮುಟ್ಟದಂತೆ ಪಟ್ಟಿಯಲ್ಲಿ ಬೀಗ ಹಾಕಿ. ಯಾಕೆಂದರೆ ಹತ್ತನೇ ಕಂತಿನಲ್ಲಿ, ಬೇರೆಯವರ ಶಕ್ತಿಯನ್ನು ನಕಲು ಮಾಡುವ ಲೈಲಾ ಇದೇ ಮಂತ್ರವನ್ನು ಆಲಿಸನ್‌ ಮೇಲೆಯೇ ತಿರುಗಿಸುತ್ತಾಳೆ. ಬೇರೆ ಅನುವಾದಕ ಅಲ್ಲಿ ‘ಒಂದು ವದಂತಿಯ ಪ್ರಕಾರ’ ಅಂತ ಬರೆದರೆ ನೋಡುವವರಿಗೆ ಏನಾಗುತ್ತಿದೆಯೆಂದೇ ತಿಳಿಯುವುದಿಲ್ಲ.

ಅದೇ ಕಾಫಿಯ ದೃಶ್ಯ ಬಿಳಿಯರಿಗಷ್ಟೇ ಬಡಿಸುವ ಡಲ್ಲಾಸ್‌ನ ಹೋಟೆಲಿನದು; ಆಲಿಸನ್, ರೇಮಂಡ್ ಇಬ್ಬರೂ ಕಪ್ಪು ಜನ. ದಕ್ಷಿಣದ ರಾಜ್ಯಗಳಲ್ಲಿ ಆಗ ಬಿಳಿಯರು ವಯಸ್ಸಾದ ಕಪ್ಪು ಜನರನ್ನೂ ಮಿಸ್ಟರ್, ಮಿಸೆಸ್ ಅನ್ನದೆ ಬರೀ ಹೆಸರಿನಿಂದ, ಇಲ್ಲವೇ ‘ಬಾಯ್’ ಎಂದು ಕರೆಯುತ್ತಿದ್ದರು. ಇದಕ್ಕೆ ನಮ್ಮ ಏಕವಚನ ಸರಿಯಾಗಿ ಹೊಂದುತ್ತದೆ. ಪೊಲೀಸನು ರೇಮಂಡ್‌ಗೆ ‘ಏಯ್, ನೀನು’ ಅನ್ನಲಿ, ರೇಮಂಡ್ ‘ನೀವು’ ಬಿಡದಿರಲಿ. ಆಲಿಸನ್ ಬಡಿಸುವವನಿಗೆ ಅದುವರೆಗೂ ‘ನೀವು’ ಅಂದು, ಮಂತ್ರದಲ್ಲಿ ಮಾತ್ರ ‘ನೀನು’ಗೆ ಇಳಿಯಲಿ. ನಮ್ಮ ಊರಿನ ಜಾತಿ ಬೈಗುಳಗಳನ್ನು ಅಲ್ಲಿಗೆ ತರಬೇಡಿ. ಪರಿಣಾಮ ಹೆಚ್ಚುತ್ತದೆಂದು ಅನ್ನಿಸಬಹುದು, ಆದರೆ ಆ ಕ್ಷಣಕ್ಕೆ ಡಲ್ಲಾಸ್ ಮಾಯವಾಗುತ್ತದೆ, ನೋವು ಬೇರೆ ಯಾರಿಗೋ ಆಗುತ್ತದೆ. ಕ್ಲೌಸ್‌ನ ವಿಷಯದಲ್ಲೂ ಹೀಗೇ. ಅವನು ಮುಂದೆ ಬರಲಿರುವ ಪಾಪ್ ಹಾಡುಗಳ ಸಾಲುಗಳನ್ನು ಉಪದೇಶವೆಂದು ಭಕ್ತರಿಗೆ ಉಣಿಸುತ್ತಾನೆ. ಅದರ ಬದಲು ಕನ್ನಡ ಸಿನಿಮಾ ಹಾಡು ಹಾಕಿದರೆ ಒಂದು ನಗು ಸಿಗುತ್ತದೆ, 1963ರ ಟೆಕ್ಸಸ್ ಕೈತಪ್ಪುತ್ತದೆ, ಹಾಡಿನ ಹಕ್ಕಿನ ಕಾಗದವೂ ಬರುತ್ತದೆ. ಸಾಲಿನ ಅರ್ಥವನ್ನೇ ಮಠದ ಪ್ರವಚನದ ಗತ್ತಿನಲ್ಲಿ ಹೇಳಿಸಿ. ಬೆನ್ ಕ್ಲೌಸ್‌ನ ಮೈಮೇಲೆ ಬರುವಲ್ಲಿ ಬೆನ್‌ನ ಕಲಾವಿದರನ್ನು ಕರೆಯಬೇಡಿ. ಮೂಲದಲ್ಲಿ ರಾಬರ್ಟ್ ಶೀಹನ್ ತಮ್ಮದೇ ದನಿಯಲ್ಲಿ ಅದನ್ನು ಆಡಿದ್ದಾರೆ. ಸ್ವೀಡನ್ನಿನ ಮೂವರು ಕೊಲೆಗಾರ ಅಣ್ಣತಮ್ಮಂದಿರ ಸ್ವೀಡಿಷ್ ಹಾಗೇ ಇರಲಿ, ಕೆಳಗೆ ಕನ್ನಡ ಸಾಕು.

ಫೈವ್‌ನ ದನಿಗೆ ಹುಡುಗರ ಪಾತ್ರ ಮಾಡುವ ಮಹಿಳಾ ಕಲಾವಿದರು ಬೇಡ. ತೆಳುವಾದ ದನಿಯ, ಆದರೆ ನಲವತ್ತು ದಾಟಿದ ಗಂಡಸಿನ ಬೇಸರ ಗೊತ್ತಿರುವವರು ಬೇಕು. ಎಂಟನೇ, ಒಂಬತ್ತನೇ ಕಂತಿನಲ್ಲಿ ಅವನು ತನ್ನದೇ ಮುದಿ ರೂಪಕ್ಕೆ ಎದುರಾಗುತ್ತಾನೆ. ಇಬ್ಬರೂ ಒಬ್ಬನೇ, ಆದರೆ ಹುಡುಗನ ಮೈಯವನೇ ನಂತರದವನು, ಅಂದರೆ ಬದುಕಿದ ಲೆಕ್ಕದಲ್ಲಿ ಹಿರಿಯ. ಅಲ್ಲಿ ‘ನೀವು’ ಬಂದರೆ ಮುಗಿಯಿತು. ಇಬ್ಬರಿಗೂ ನೀನು. ತನ್ನನ್ನೇ ತಾನು ಭೇಟಿಯಾದರೆ ಹತ್ತುವ ಹುಚ್ಚಿನ ಏಳು ಹಂತಗಳನ್ನು ಅವನು ಪಟ್ಟಿ ಹೇಳುತ್ತಾನೆ: ಒಪ್ಪದಿರುವುದು, ತುರಿಕೆ, ವಿಪರೀತ ಬಾಯಾರಿಕೆ ಮತ್ತು ಮೂತ್ರ, ಹೊಟ್ಟೆ ಗಾಳಿ, ಸಂಶಯ, ಬೆವರು, ಕೊಲ್ಲುವ ಕೋಪ. ಇದನ್ನು ವೈದ್ಯಕೀಯ ಕನ್ನಡಕ್ಕೆ ಏರಿಸಿದರೆ ನಗು ಹೋಗುತ್ತದೆ. ‘ಹೂಸು’ ಅನ್ನಲು ಹಿಂಜರಿಯಬೇಡಿ. 2020ರ ಲಾಕ್‌ಡೌನ್‌ನಲ್ಲಿ ಡಬ್ ಆಗಿ ಬಂದ ಮಹಾಭಾರತ ಕನ್ನಡ ಟೀವಿಗೆ ಡಬ್ಬಿಂಗ್‌ನ ಬಾಗಿಲು ತೆರೆಯಿತು, ಸಂತೋಷ. ಅದರ ಗ್ರಾಂಥಿಕ ಕನ್ನಡ ಇಲ್ಲಿಗೆ ಬಾರದಿರಲಿ.

ಸಬ್‌ಟೈಟಲ್‌ಗೆ ಬಂದರೆ, ಅಕ್ಷರ ಎಣಿಸುವ ಸಾಫ್ಟ್‌ವೇರನ್ನು ನಂಬಬೇಡಿ. ‘ರಾಷ್ಟ್ರ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಏಳು. ಇಂಗ್ಲಿಷಿಗೆ ಮಾಡಿದ ಮಿತಿಯನ್ನು ಹಾಗೇ ಹೇರಿದರೆ ಓದಲು ಸಲೀಸಾದ ಸಾಲನ್ನೂ ಕತ್ತರಿಸಬೇಕಾಗುತ್ತದೆ. ಎರಡು ಸಾಲಿನ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ; ಟೀವಿಯಲ್ಲೂ ಫೋನಿನಲ್ಲೂ ತೆರೆದು ನೋಡಿ. ‘ಡಲ್ಲಾಸ್‌ನಲ್ಲಿ’ ಬರೆಯುವಾಗ ಸಕಾರದ ನಂತರ ಕಣ್ಣಿಗೆ ಕಾಣದ ಬಿಡಿಸುವ ಗುರುತು ಇರಬೇಕು. ಫೈಲ್ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಅದು ಉದುರಿ ‘ಡಲ್ಲಾಸ್ನಲ್ಲಿ’ ಆಗಿಬಿಡುತ್ತದೆ. ಕಳಿಸುವ ಮುನ್ನ ಇದೊಂದನ್ನೇ ಹುಡುಕಿ ನೋಡಿ. ಹೆಸರುಗಳಲ್ಲಿ ಕ್ಲೌಸ್‌ನನ್ನು ‘ಕ್ಲಾಸ್’ ಅಂತ ಬರೆದರೆ ‘ಕ್ಲಾಸ್‌ಗೆ ಹೋಗು’ ಆಗುತ್ತದೆ, ‘ಬೆನ್ನಿಗೆ ಹೇಳು’ ಅಂದರೆ ಬೆನ್‌ ಬದಲು ಬೆನ್ನೇ ಕಾಣುತ್ತದೆ, ಫೈವ್‌ನನ್ನು ‘ಐದು’ ಮಾಡಿದರೆ ‘ಐದು ಬಂತು’ ಅನ್ನಬೇಕಾದೀತು. ತಾರೀಕನ್ನೂ ಗಮನಿಸಿ: ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, 11/22 ಅಂದರೆ ಕೆನಡಿ ಹತ್ಯೆಯಾದ ನವೆಂಬರ್ 22. ನಮಗೆ 22ನೇ ತಿಂಗಳಿಲ್ಲ, ಸರಿ. ಆದರೆ 9/1ನ್ನು ಜನವರಿ 9 ಎಂದು ಓದಿಕೊಳ್ಳುವುದಕ್ಕೆ ಏನೂ ಅಡ್ಡಿಯಿಲ್ಲ.

ಕೊನೆಯದಾಗಿ ಸೀಸನ್ನಿನ ಕಟ್ಟಕಡೆಯ ದೃಶ್ಯ. 2019ಕ್ಕೆ ಮರಳಿದವರು ಮನೆಗೆ ಬರುತ್ತಾರೆ. ಸತ್ತಿದ್ದ ಅಪ್ಪ ಬದುಕಿದ್ದಾನೆ, ಮನೆ ಈಗ ಸ್ಪ್ಯಾರೋ ಅಕಾಡೆಮಿ. ಮಹಡಿಯ ಮೇಲಿಂದ ಬೆನ್, ಇವರು ಯಾರೆಂದೇ ಗೊತ್ತಿಲ್ಲದ ಬೆನ್, ಬೈದು ಕೇಳುತ್ತಾನೆ. ಕಲಾವಿದರು ಅವರೇ ಇರಬೇಕು, ದನಿ ಗಡುಸಾಗಬೇಕು. ‘ಯಾರಪ್ಪಾ ಇವ್ರು’ ಅಂತ ಬರೆದರೆ ಅಪ್ಪನನ್ನು ಕರೆದನೋ ಸುಮ್ಮನೆ ಉದ್ಗಾರ ತೆಗೆದನೋ ತಿಳಿಯುವುದಿಲ್ಲ, ಹಾಗಾಗಿ ‘ಅಪ್ಪಾ’ ಮೊದಲು ಬಂದು ನಿಲ್ಲಲಿ. ಬೈಗುಳಕ್ಕೆ ನಮ್ಮ ಶಿಫಾರಸು: ‘ಅಪ್ಪಾ, ಯಾರು ಈ ನನ್ಮಕ್ಳು?’ ಬೀದಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು, ಅರ್ಥ ಯಾರೂ ನೋಡುವುದಿಲ್ಲ. ಇಲ್ಲಿ ಅದನ್ನು ಕೇಳಿಸಿಕೊಳ್ಳುತ್ತಿರುವುದು ರೆಜಿನಾಲ್ಡ್, ಮತ್ತು ಎದುರಿಗೆ ನಿಂತವರು ನಿಜಕ್ಕೂ ಅವನ ಮಕ್ಕಳು.

ಇಂತಿ,
ಕನ್ನಡಕ್ಕೆ ಡಬ್ಬಿಂಗ್ ಮತ್ತು ಸಬ್‌ಟೈಟಲ್ ಬರೆಯುವ ಕೆಲವರು